ಅಪ್ಪನಿಗೆ ಹಾರ್ಮೋನ್ ಇಳಿಸುತ್ತಿದ್ದಾರೆ, ನನಗೆ ಏರಿಸಿಕೋ ಅನ್ನುತ್ತಿದ್ದಾರೆ. ಎರಡೂ ಒಂದೇ ರಿಸೆಪ್ಟರ್ ಅಲ್ವಾ?

ಹಾಸನದವ:
ಅಪ್ಪನಿಗೆ 67 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೂ ಹರಡಿದೆ. ಲ್ಯೂಪ್ರೊಲೈಡ್ ಇಂಜೆಕ್ಷನ್ ನಡೀತಿದೆ, ಜೊತೆಗೆ ಅಬಿರಾಟೆರೋನ್ ಮಾತ್ರೆ. ಗಂಡಸಿನ ಹಾರ್ಮೋನ್ ಪೂರ್ತಿ ಇಳಿಸಲೇಬೇಕು ಅಂದರು ಡಾಕ್ಟರ್. ಇತ್ತ ನನಗೆ 34, ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ, ರಿಪೋರ್ಟಲ್ಲಿ ವೀರ್ಯದ ಕೌಂಟ್ ಕಡಿಮೆ ಬಂದಿದೆ. ಜಿಮ್ ಟ್ರೇನರ್ ನೋಡಿದರೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೋ, ಎಲ್ಲ ಸರಿಹೋಗುತ್ತದೆ ಅನ್ನುತ್ತಾನೆ. ಎರಡು ಕಡೆಯೂ ಆಂಡ್ರೋಜನ್ ರಿಸೆಪ್ಟರ್ (ಕೋಶದಲ್ಲಿ ಗಂಡಸಿನ ಹಾರ್ಮೋನ್ ಹೋಗಿ ಕೂರುವ ಜಾಗ) ಅನ್ನೋ ಹೆಸರೇ ಕಾಣುತ್ತದೆ. ಅಪ್ಪನ ದೋಷ ನನಗೂ ಬಂದಿದೆಯಾ? ಇಂಜೆಕ್ಷನ್ ತಗೊಂಡರೆ ನನಗೂ ಕ್ಯಾನ್ಸರ್ ಬರುತ್ತಾ?

ಲ್ಯಾಬ್ ಕೋಟು:
ಮೊದಲು ಇಂಜೆಕ್ಷನ್ ವಿಷಯ. ತಗೋಬೇಡಿ. ಮಗು ಬೇಕು ಅನ್ನುವವರಿಗೆ ಅದಕ್ಕಿಂತ ಕೆಟ್ಟ ಸಲಹೆ ಇಲ್ಲ.

ಯಾಕೆ ಅಂದರೆ, ವೃಷಣದ ಒಳಗಿನ ಟೆಸ್ಟೋಸ್ಟೆರಾನ್ ಮಟ್ಟ ರಕ್ತದಲ್ಲಿ ಇರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಅಲ್ಲಿ ಸರ್ಟೋಲಿ ಕೋಶ ಅಂತ ಇರುತ್ತವೆ, ಬೆಳೆಯುತ್ತಿರುವ ವೀರ್ಯಾಣುಗಳನ್ನು ಸಾಕುವುದು ಅವೇ. ಹಾರ್ಮೋನ್ ಹೋಗಿ ಕೂರುವ ರಿಸೆಪ್ಟರ್ ಇರುವುದು ಆ ಕೋಶಗಳಲ್ಲಿ. ನೀವು ಹೊರಗಿನಿಂದ ಚುಚ್ಚಿಸಿಕೊಂಡರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ 'ಸಾಕಷ್ಟಿದೆ' ಅಂದುಕೊಂಡು ವೃಷಣಕ್ಕೆ ಕೆಲಸ ಹೇಳುವ ತನ್ನ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ಇಳಿಸುತ್ತದೆ, ಆಗ ವೃಷಣ ತನ್ನ ಕೆಲಸ ನಿಲ್ಲಿಸುತ್ತದೆ, ರಕ್ತದ ರಿಪೋರ್ಟ್ ಚೆನ್ನಾಗಿ ಕಂಡರೂ ಒಳಗೆ ಒಣಗಿರುತ್ತದೆ, ಕೌಂಟ್ ಸೊನ್ನೆಗೂ ಇಳಿಯಬಹುದು. ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಬಳಸಬಹುದಾ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಪ್ರಯೋಗ ಮಾಡಿ ನೋಡಿದೆ, ಅಂದರೆ ಲೆಕ್ಕ ಹಾಕಿ!

ಇನ್ನು ಅಪ್ಪನಿಂದ ಬಂತಾ ಅನ್ನೋದು. ಈ ರಿಸೆಪ್ಟರಿನ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗನಿಗೆ ಎಕ್ಸ್ ಬರುವುದು ತಾಯಿಯಿಂದ, ಅಪ್ಪ ಕೊಡುವುದು ವೈ. ಹಾಗಾಗಿ ನಿಮ್ಮ ಅಪ್ಪನ ರಿಸೆಪ್ಟರ್ ನಿಮಗೆ ಬರುವ ದಾರಿಯೇ ಇಲ್ಲ. ಕ್ಯಾನ್ಸರ್ ಗೆಡ್ಡೆಯಲ್ಲಿ ಆಮೇಲೆ ಆಗುವ ಬದಲಾವಣೆಗಳು ಗೆಡ್ಡೆಯೊಳಗೇ ಇರುತ್ತವೆ, ಮಕ್ಕಳಿಗೆ ಹೋಗುವುದಿಲ್ಲ. ಆದರೆ ಬಿಆರ್‌ಸಿಎ2 ತರಹದ, ಕೆಟ್ಟರೆ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಬೇರೆ ಜೀನ್‌ಗಳು ಅಪ್ಪನಿಂದಲೂ ಬರಬಹುದು. ಅಪ್ಪನಿಗೆ ಹರಡಿರುವುದರಿಂದ ಆ ಟೆಸ್ಟ್ ಬಗ್ಗೆ ಅವರ ಡಾಕ್ಟರನ್ನು ಕೇಳಿ, ನೀವೂ 40-45ರ ಹೊತ್ತಿಗೆ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೋಡುವ ರಕ್ತದ ಟೆಸ್ಟ್) ಮಾಡಿಸುವುದು ಒಳ್ಳೆಯದು.

ಗುರು_ಮಂಡ್ಯ:
ನನ್ನ ಸ್ನೇಹಿತನಿಗೆ ಇದೇ ಆಯ್ತು ಬ್ರದರ್. ಬಾಡಿ ಚೆನ್ನಾಗಿ ಬಂತು, ಕೌಂಟ್ ನಿಲ್. ನಿಲ್ಲಿಸಿ ಒಂದು ವರ್ಷದ ಮೇಲೆ ಸ್ವಲ್ಪ ಸ್ವಲ್ಪ ವಾಪಸ್ ಬಂತು. ಟ್ರೇನರ್‌ಗೆ ಹೇಳಿ, ಡಂಬೆಲ್ ನೋಡಿಕೊಂಡರೆ ಸಾಕು.

ಹಾಸನದವ:
ಥ್ಯಾಂಕ್ಸ್ ಮೇಡಂ. ಹಾಗಾದರೆ ಅಪ್ಪನಿಗೆ ಹಾರ್ಮೋನ್ ಇಳಿದರೆ ಕ್ಯಾನ್ಸರ್ ಪೂರ್ತಿ ಹೋಗಲ್ವಾ? ಕೆಲವು ವರ್ಷ ಆದಮೇಲೆ ಮದ್ದು ಹಿಡಿಯಲ್ಲ ಅಂತ ಇನ್ನೊಬ್ಬರು ಹೇಳಿದರು.

ಲ್ಯಾಬ್ ಕೋಟು:
ಮೇಡಂ ಅಲ್ಲ ಸರ್, ಆದರೂ ಇರಲಿ :) ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವುದು ಹಾರ್ಮೋನಿನ ಆಸರೆಯಲ್ಲಿ. ಅಮೆರಿಕದ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ಇದನ್ನು ತೋರಿಸಿದರು, 1966ರಲ್ಲಿ ನೊಬೆಲ್ ಬಂತು. ರಿಸೆಪ್ಟರ್ ಒಂದು ಬೀಗ, ಹಾರ್ಮೋನ್ ಕೀಲಿಕೈ ಅಂದುಕೊಳ್ಳಿ. ಅಪ್ಪನ ಔಷಧಿಗಳು ಕೀಲಿಕೈ ತಯಾರಾಗುವುದನ್ನೇ ನಿಲ್ಲಿಸುತ್ತವೆ. ಎಂಜಲುಟಮೈಡ್ ತರಹದವು ಬೀಗದ ತೂತನ್ನು ಮುಚ್ಚುತ್ತವೆ. ಕ್ಯಾನ್ಸರ್ ಏನು ಸುಮ್ನೆ ಇರುತ್ತದಾ? ಕೆಲವರಲ್ಲಿ ಬೀಗಗಳನ್ನೇ ಜಾಸ್ತಿ ಮಾಡಿಕೊಳ್ಳುತ್ತದೆ, ಉಳಿದ ಚೂರು ಹಾರ್ಮೋನಿಗೂ ಕೆಲಸ ಆಗುವ ಹಾಗೆ. ಕೆಲವರಲ್ಲಿ ಎಆರ್-ವಿ7 ಅನ್ನುವ ಮೊಟಕು ರಿಸೆಪ್ಟರ್ ಬರುತ್ತದೆ, ಅದಕ್ಕೆ ತೂತೇ ಇರುವುದಿಲ್ಲ, ಕೀಲಿಕೈ ಇಲ್ಲದೆಯೂ ತೆರೆದೇ ಇರುತ್ತದೆ. ಆಗ ಡೋಸೆಟ್ಯಾಕ್ಸೆಲ್ ತರಹದ ಕೀಮೋ, ಬೇರೆ ದಾರಿಗಳು ಇವೆ. ಅಪ್ಪನ ಇಂಜೆಕ್ಷನ್ ಮಾತ್ರ ತಪ್ಪಿಸಬೇಡಿ. ಅದರಿಂದ ಮೂಳೆ ಸವೆಯುತ್ತದೆ, ಬೆವರುತ್ತದೆ, ಸುಸ್ತು ಇರುತ್ತದೆ, ಅಪ್ಪ ಸಿಡುಕಿದರೆ ಸ್ವಲ್ಪ ಸಹಿಸಿಕೊಳ್ಳಿ.

ಶಿವಮೊಗ್ಗ_ಸಂಜೆ:
ನಡುವೆ ಬರ್ತಿದ್ದೀನಿ. ನಮ್ಮ ಚಿಕ್ಕಪ್ಪನಿಗೆ 49, ಇದೇ ಕ್ಯಾನ್ಸರ್, ಮುಂದಿನ ತಿಂಗಳು ಆಪರೇಷನ್. ಎರಡನೇ ಮದುವೆ, ಮಗು ಆಸೆ ಇದೆ, ಡಾಕ್ಟರ ಮುಂದೆ ಬಾಯಿ ಬಿಡೋಕೆ ಸಂಕೋಚ.

ಲ್ಯಾಬ್ ಕೋಟು:
ಆಪರೇಷನ್ನಿಗೆ ಮುಂಚೆಯೇ ವೀರ್ಯ ಫ್ರೀಜ್ ಮಾಡಿಸಿ. ಪ್ರಾಸ್ಟೇಟ್ ಪೂರ್ತಿ ತೆಗೆದ ಮೇಲೆ ವೀರ್ಯ ಹೊರಗೆ ಬರುವುದಿಲ್ಲ, ಆದರೆ ವೃಷಣದಲ್ಲಿ ವೀರ್ಯಾಣು ತಯಾರಾಗುತ್ತಲೇ ಇರುತ್ತದೆ, ಸೂಜಿಯಿಂದ ತೆಗೆದು ಐವಿಎಫ್ ಮಾಡಬಹುದು. ಹಾರ್ಮೋನ್ ಇಳಿಸುವ ಇಂಜೆಕ್ಷನ್ ಶುರುವಾದರೆ ಅದೂ ಕಷ್ಟ. ಅವರಿಗೆ ಸಂಕೋಚ ಇದ್ದರೆ ನೀವೇ ಜೊತೆಗೆ ಹೋಗಿ ಕೇಳಿ.

ಹಾಸನದವರೇ, ನಿಮಗೆ: ವೀರ್ಯದ ಟೆಸ್ಟ್ ಇನ್ನೊಮ್ಮೆ ಮಾಡಿಸಿ, ಬೆಳಿಗ್ಗೆ ಹೊತ್ತು ಟೆಸ್ಟೋಸ್ಟೆರಾನ್, ಎಲ್‌ಎಚ್, ಎಫ್‌ಎಸ್‌ಎಚ್ ಕೂಡ. ವೃಷಣದ ರಕ್ತನಾಳ ಊದಿದೆಯಾ ಅಂತ ಯೂರಾಲಜಿಸ್ಟ್ ನೋಡಲಿ. ಕೂದಲಿಗೆ ಫಿನಾಸ್ಟರೈಡ್ ಮಾತ್ರೆ ತಗೋತಿದ್ದರೆ ಅದನ್ನೂ ಹೇಳಿ, ಅದು ಪಿಎಸ್‌ಎ ಸಂಖ್ಯೆಯನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿ ತೋರಿಸುತ್ತದೆ.

ಹಾಸನದವ:
ಫಿನಾಸ್ಟರೈಡ್ ಇಲ್ಲ ಸರ್, ಕೂದಲು ಆಗಲೇ ಹೋಗಿದೆ. ಟೆಸ್ಟ್ ಮಾಡಿಸಿ ರಿಪೋರ್ಟ್ ಇಲ್ಲೇ ಹಾಕುತ್ತೇನೆ.