ಕಾರು ಕೊಡುವ ಮೊದಲು ನಂಬರ್ ಇಳಿಸಿಕೊಳ್ಳಿ: ಬ್ರಿಟನ್ ಕನ್ನಡಿಗರ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ಜೊತೆ ಇರುವವರು ಇಲ್ಲಿನ ಒಂದು ಕಾರು ಶೋರೂಮಿನಲ್ಲಿ ನೋಂದಣಿ ಕಾಗದಪತ್ರ ನೋಡಿಕೊಳ್ಳುವ ಅಕ್ಕ. ನಮ್ಮಲ್ಲಿ ಸುಮಾರು ಜನ ಇನಿಶಿಯಲ್ಲು, ಹೆಸರು ಬರುವ ಪ್ರೈವೇಟ್ ನಂಬರ್ ಕೊಂಡಿದ್ದಾರೆ. ಕಾರು ಬದಲಿಸುವಾಗ ಆ ನಂಬರನ್ನು ಹೇಗೆ ಸಾಗಿಸುವುದು ಅಂತ ಕೇಳಿ. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳಬೇಡಿ. ಪೂರ್ತಿ ನಂಬರ್ ಬರೆಯಬೇಡಿ, ಲಾಗ್ ಬುಕ್ (ಕಾರಿನ ನೋಂದಣಿ ಪತ್ರ) ಫೋಟೋ ಹಾಕಬೇಡಿ.

ಹಾಸನ–ರೀಡಿಂಗ್: ನಮಸ್ಕಾರ ಅಕ್ಕ. ನನ್ನ ಹಳೆ ಕಾರಿನಲ್ಲಿ ಪ್ರೈವೇಟ್ ನಂಬರ್ ಇದೆ. ಮುಂದಿನ ತಿಂಗಳು ಅದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ನೋಂದಣಿ ಅಕ್ಕ: ನಮಸ್ಕಾರ. ಹಳೆ ಕಾರು ಕೈಬಿಡುವ ಮೊದಲು ನಂಬರ್ ಇಳಿಸಿಕೊಳ್ಳಿ. ಇಲ್ಲಿನ ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎಯ ಸರ್ಕಾರಿ ಜಾಲತಾಣದಲ್ಲೇ ಆಗುತ್ತದೆ, ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ. ನಿಮ್ಮ ವಿ5ಸಿ ಲಾಗ್ ಬುಕ್‌ನಲ್ಲಿರುವ 11 ಅಂಕಿಯ ರೆಫರೆನ್ಸ್ ಬೇಕು, 80 ಪೌಂಡ್ ಕಟ್ಟಬೇಕು. ನಂಬರ್ ಕಾರಿನಿಂದ ಇಳಿದು ವಿ778 ಎಂಬ ಕಾಗದದ ಮೇಲೆ ನಿಮ್ಮ ಹೆಸರಿಗೆ ಬರುತ್ತದೆ. ಅದು 10 ವರ್ಷ ನಡೆಯುತ್ತದೆ. ಹಳೆ ಕಾರಿಗೆ ಸಾಮಾನ್ಯವಾಗಿ ಅದರ ಮೊದಲಿನ ನಂಬರ್ ತಾನಾಗಿಯೇ ವಾಪಸ್ ಬರುತ್ತದೆ. ಆ ಪ್ಲೇಟ್ ಹಾಕಿಸಿ, ವಿಮೆಯವರಿಗೆ ಹೇಳಿ, ಆಮೇಲೆ ಕಾರು ಕೊಡಿ. ಹೊಸ ಕಾರಿನ ಲಾಗ್ ಬುಕ್ ನಿಮ್ಮ ಹೆಸರಿಗೆ ಬಂದ ಮೇಲೆ ವಿ778 ತೋರಿಸಿ ನಂಬರ್ ಏರಿಸಿಕೊಳ್ಳಿ. ಅದಕ್ಕೆ ಮತ್ತೆ ದುಡ್ಡಿಲ್ಲ, ಆ 80ರಲ್ಲೇ ಸೇರಿದೆ.

ಮಂಗಳೂರು–ಸ್ಲೌ: ಅಕ್ಕ, ನಮ್ಮ ಬ್ಯಾಡ್ಮಿಂಟನ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಬಂದಿದೆ. "80 ಪೌಂಡ್ ದಂಡ ಕಟ್ಟಬೇಡಿ! ಪ್ಲೇಟ್ ಬಿಚ್ಚಿ ಹೊಸ ಕಾರಿಗೆ ಹಾಕಿಕೊಳ್ಳಿ, 28 ದಿನದೊಳಗೆ ತಿಳಿಸಿದರೆ ಸಾಕು." ಇದು ಸರಿಯಾ?

ನೋಂದಣಿ ಅಕ್ಕ: ಸುಳ್ಳು. ದಯವಿಟ್ಟು ಇನ್ನೊಬ್ಬರಿಗೆ ಕಳಿಸಬೇಡಿ. ಪ್ಲೇಟ್ ಅಂದರೆ ಬರೀ ಪ್ಲಾಸ್ಟಿಕ್ಕು, ನಂಬರ್ ಇರುವುದು ಡಿವಿಎಲ್‌ಎ ದಾಖಲೆಯಲ್ಲಿ. ರಸ್ತೆಯ ಕ್ಯಾಮೆರಾ ಆ ನಂಬರ್ ಓದಿದರೆ ನಿಮ್ಮ ಹಳೆ ಕಾರಿನ ಮಾಡೆಲ್ಲು, ಬಣ್ಣ ತೋರಿಸುತ್ತದೆ. ಎದುರಿಗಿರುವುದು ಬೇರೆ ಕಾರು. ಪೊಲೀಸರು ನಿಲ್ಲಿಸುತ್ತಾರೆ. ವಿಮೆ ದಾಖಲೆಯೂ ತಾಳೆಯಾಗದೆ, ವಿಮೆ ಇಲ್ಲದ ಗಾಡಿ ಅಂತ ಆದರೆ 300 ಪೌಂಡ್, ಲೈಸೆನ್ಸ್ ಮೇಲೆ 6 ಪಾಯಿಂಟ್. ಲೈಸೆನ್ಸ್ ಸಿಕ್ಕಿ 2 ವರ್ಷ ಆಗಿಲ್ಲದವರಿಗೆ 6 ಪಾಯಿಂಟ್ ಬಂದರೆ ಲೈಸೆನ್ಸೇ ಹೋಗುತ್ತದೆ. ಇಲ್ಲಿಗೆ ಹೊಸದಾಗಿ ಬಂದು ಟೆಸ್ಟ್ ಪಾಸಾದವರು ನಮ್ಮ ಗುಂಪಿನಲ್ಲಿ ಎಷ್ಟು ಜನ ಇದ್ದಾರೆ, ಯೋಚನೆ ಮಾಡಿ.

ತುಮಕೂರು–ಹೌನ್ಸ್ಲೋ: ಅಕ್ಕ, 25 ಇರುವ ನಂಬರ್ ನೋಡಿದ್ದೇನೆ, ತುಂಬಾ ಚೆನ್ನಾಗಿದೆ. ನನ್ನ ಕಾರು 2022ರದು. ಹಾಕಬಹುದಾ?

ನೋಂದಣಿ ಅಕ್ಕ: ಆಗುವುದಿಲ್ಲ. ಇರುವುದಕ್ಕಿಂತ ಹೊಸ ಕಾರು ಅಂತ ತೋರಿಸುವ ನಂಬರ್ ಹಾಕುವ ಹಾಗಿಲ್ಲ. 25 ಅಂದರೆ ಮಾರ್ಚ್ 2025ರ ಮೇಲಿನ ಕಾರು. ಹಳೆಯದಾಗಿ ಕಾಣುವ ನಂಬರ್ ಆದರೆ ಸರಿ.

ಮೈಸೂರು–ಬಾತ್: ಅಕ್ಕ, ಇದನ್ನು ಇಲ್ಲಿ ಕೇಳಬಹುದೋ ಗೊತ್ತಿಲ್ಲ. ನಮ್ಮ ಯಜಮಾನರು ಎರಡು ತಿಂಗಳ ಹಿಂದೆ ತೀರಿಕೊಂಡರು. ಅವರ ಕಾರಿನ ನಂಬರಿನಲ್ಲಿ ಅವರ ಇನಿಶಿಯಲ್ಲೂ ಮಗನದೂ ಇದೆ, ವರ್ಷ ತೋರಿಸದ ಹಳೆ ತರಹದ ನಂಬರು. ಮಗನಿಗೆ ಈಗ 14. ಅವನು ಡ್ರೈವಿಂಗ್ ಕಲಿತಾಗ ಅವನ ಕಾರಿಗೆ ಹಾಕಬೇಕು ಅಂತ ನನ್ನ ಆಸೆ. ಆದರೆ ಮೈದುನ ಶನಿವಾರ ಕಾರು ಕೊಳ್ಳುವ ಕಂಪನಿಗೆ ಮಾರಲು ಮಾತಾಡಿಬಿಟ್ಟಿದ್ದಾರೆ. ಫೈಲಿನಲ್ಲಿ ಯಜಮಾನರು ನಂಬರ್ ಕೊಂಡಾಗ ಬಂದ ವಿ750 ಸರ್ಟಿಫಿಕೇಟ್ ಇದೆ. ಕಾಗದ ನಮ್ಮ ಹತ್ತಿರ ಇರುವಾಗ ಕಾರು ಹೋದರೂ ನಂಬರ್ ಎಲ್ಲಿ ಹೋಗುತ್ತದೆ ಅಂತಾರೆ ಮೈದುನ. ನಿಜವೇ?

ಧಾರವಾಡ–ಲೀಡ್ಸ್: ನಿಜ ಮೇಡಂ, ಸರ್ಟಿಫಿಕೇಟ್ ಇದ್ದರೆ ನೀವು ಸೇಫ್. ಆರಾಮಾಗಿ ಮಾರಿರಿ.

ನೋಂದಣಿ ಅಕ್ಕ: ಧಾರವಾಡದವರೇ, ಗೊತ್ತಿಲ್ಲದ್ದನ್ನು ಹೇಳಬೇಡಿ. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೆ ನಂಬರ್ ಹೋದ ಹಾಗೆ.

ಕೇಳಿಮ್ಮ, ಮೊದಲು ಶನಿವಾರದ ಮಾರಾಟ ನಿಲ್ಲಿಸಿ. ಇವತ್ತೇ ಫೋನ್ ಮಾಡಿ.

ಆ ವಿ750ಕ್ಕೆ ಈಗ ಬೆಲೆ ಇಲ್ಲ. ನಂಬರ್ ಇನ್ನೂ ಯಾವ ಕಾರಿಗೂ ಏರದೇ ಇದ್ದಾಗ ಮಾತ್ರ ಹಕ್ಕು ಆ ಕಾಗದದ ಮೇಲೆ ಇರುತ್ತದೆ. ಕಾರಿಗೆ ಏರಿದ ಗಳಿಗೆಯಿಂದ ಹಕ್ಕು ಆ ಕಾರಿನ ರಿಜಿಸ್ಟರ್ಡ್ ಕೀಪರ್‌ಗೆ, ಅಂದರೆ ಲಾಗ್ ಬುಕ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಸೇರುತ್ತದೆ. ಆನ್‌ಲೈನ್‌ನಲ್ಲಿ ಏರಿಸಿದ್ದರೆ ಹಳೆ ಕಾಗದ ಮನೆಯಲ್ಲೇ ಉಳಿದಿರುತ್ತದೆ, ಅದನ್ನು ನೋಡಿ ತುಂಬಾ ಜನ ಮೋಸ ಹೋಗುತ್ತಾರೆ. ನಂಬರ್ ಸಮೇತ ಕಾರು ಮಾರಿದರೆ ಅದು ಮುಂದಿನ ಕೀಪರ್‌ದು. ಆಮೇಲೆ ಅತ್ತು ಕರೆದರೂ ಕಾನೂನಿನಲ್ಲಿ ದಾರಿ ಇಲ್ಲ, ಅವರಾಗಿಯೇ ಬಿಟ್ಟುಕೊಟ್ಟರೆ ಉಂಟು.

ತೀರಿಕೊಂಡವರ ಕಾರಿನ ನಂಬರ್ ಇಳಿಸಿಕೊಳ್ಳುವುದು ಅಂಚೆಯಲ್ಲಿ. ಫಾರ್ಮ್ ವಿ317 ಅಂತ, ಸರ್ಕಾರಿ ಜಾಲತಾಣದಲ್ಲಿ ಸಿಗುತ್ತದೆ. ಅದರ ಜೊತೆ ಲಾಗ್ ಬುಕ್, 80 ಪೌಂಡಿಗೆ ಚೆಕ್ ಅಥವಾ ಪೋಸ್ಟಲ್ ಆರ್ಡರ್, ಮರಣ ಪ್ರಮಾಣಪತ್ರದ ಪ್ರತಿ, ಅವರ ಆಸ್ತಿಪಾಸ್ತಿ ನೋಡಿಕೊಳ್ಳುವ ಅಧಿಕಾರ ನಿಮ್ಮದು ಅಂತ ತೋರಿಸುವ ವಿಲ್ ಅಥವಾ ಪ್ರೊಬೇಟ್ (ವಿಲ್ ಪ್ರಕಾರ ಆಸ್ತಿ ನೋಡಿಕೊಳ್ಳಲು ಸಿಗುವ ಅಧಿಕೃತ ಅನುಮತಿ) ಪ್ರತಿ. ಎಲ್ಲಕ್ಕೂ ಮೊದಲು ನಕಲು ತೆಗೆದಿಟ್ಟುಕೊಳ್ಳಿ. ಡಿವಿಎಲ್‌ಎ ಇರುವುದು ಸ್ವಾನ್ಸಿಯಲ್ಲಿ, ಯಾವ ವಿಳಾಸಕ್ಕೆ ಅಂತ ಫಾರ್ಮ್ ಮೇಲೆಯೇ ಇರುತ್ತದೆ. ಕೈಗೆ ತಲುಪಿದ್ದು ಗೊತ್ತಾಗುವ ಅಂಚೆಯಲ್ಲೇ ಕಳಿಸಿ.

ಇನ್ನೊಂದು ಮುಖ್ಯ. ಸಾವು ನೋಂದಾಯಿಸಿದಾಗ ನೀವು ಟೆಲ್ ಅಸ್ ಒನ್ಸ್ ಬಳಸಿದಿರಾ? ಒಂದೇ ಸಲ ಹೇಳಿದರೆ ಬಹುತೇಕ ಸರ್ಕಾರಿ ಇಲಾಖೆಗಳಿಗೂ ಮುಟ್ಟುವ ವ್ಯವಸ್ಥೆ ಅದು. ಅದರಲ್ಲಿ ಕಾರನ್ನೂ ಹೇಳಿದ್ದರೆ ರಸ್ತೆ ತೆರಿಗೆ ಈಗಾಗಲೇ ನಿಂತಿರುತ್ತದೆ. ತೆರಿಗೆ ಇಲ್ಲದ ಕಾರನ್ನು ರಸ್ತೆ ಬದಿಯಲ್ಲಿ ನಿಲ್ಲಿಸುವುದೂ ತಪ್ಪು. ನಂಬರ್ ಇಳಿಸಬೇಕಾದರೂ ಕಾರಿಗೆ ತೆರಿಗೆ ಇರಬೇಕು, ಇಲ್ಲವೇ ಸೋರ್ನ್ ಆಗಿರಬೇಕು. ರಸ್ತೆಗೆ ತರುವುದಿಲ್ಲ ಅಂತ ಬರೆದುಕೊಡುವುದೇ ಸೋರ್ನ್, ಫಾರ್ಮ್ ವಿ890, ದುಡ್ಡಿಲ್ಲ. ಕಾರು ನಿಮ್ಮ ಮನೆಯ ಜಾಗದಲ್ಲೇ ಇದ್ದರೆ ಅದನ್ನು ಮಾಡಿ. ವಿಮೆ ಯಜಮಾನರ ಹೆಸರಿನಲ್ಲಿದ್ದರೆ ಆ ಕಂಪನಿಗೂ ಫೋನ್ ಮಾಡಿ ಕೇಳಿ. ಅಲ್ಲಿಯವರೆಗೆ ಯಾರೂ ಆ ಕಾರು ಓಡಿಸಬಾರದು, ಅಂಗಡಿಗೂ ಬೇಡ.

ಕೊನೆಗೆ ನಂಬರ್ ವಿ778 ಮೇಲೆ ಬರುತ್ತದೆ, ಕಾರಿಗೆ ಅದರ ವಯಸ್ಸಿನ ಮಾಮೂಲಿ ನಂಬರ್ ಸಿಗುತ್ತದೆ. ಆಗ ಮೈದುನ ಕಾರು ಮಾರಲಿ, ಅಡ್ಡಿ ಇಲ್ಲ. ನಿಮ್ಮ ಮಗನಿಗೆ 17 ಆಗುವುದಕ್ಕೆ ಇನ್ನು 3 ವರ್ಷ, ಕಾಗದಕ್ಕೆ 10 ವರ್ಷ ಆಯಸ್ಸು. ಅವಧಿ ಮುಗಿಯುವ ಮೊದಲು ನವೀಕರಿಸಿದರೆ ದುಡ್ಡಿಲ್ಲ, ಆದರೆ ಮರೆತರೆ ಹೋಯಿತು. ದಿನಾಂಕ ಮಗನಿಗೂ ಬರೆದುಕೊಡಿ.

ಮೈಸೂರು–ಬಾತ್: ಟೆಲ್ ಅಸ್ ಒನ್ಸ್‌ನಲ್ಲಿ ಕಾರಿನ ವಿಷಯ ಹೇಳಿದ್ದೆ ಅಕ್ಕ. ಕಾರು ನಮ್ಮ ಮನೆ ಮುಂದಿನ ಡ್ರೈವ್‌ನಲ್ಲೇ ಇದೆ. ಈಗಲೇ ಮೈದುನನ ಜೊತೆ ಮಾತಾಡುತ್ತೇನೆ.

ಬಳ್ಳಾರಿ–ಕೊವೆಂಟ್ರಿ: ಹಾಯ್ ಮೇಡಂ, ಕಾರು ಚೇಂಜ್ ಮಾಡುತ್ತಿದ್ದೇನೆ, ಪ್ಲೇಟ್ ಟ್ರಾನ್ಸ್‌ಫರ್ ಪ್ರೊಸೆಸ್ ಏನು?

ನೋಂದಣಿ ಅಕ್ಕ: ಮೊದಲನೇ ಉತ್ತರ ಓದಿ.

ಉಡುಪಿ–ವ್ಯಾಟ್‌ಫರ್ಡ್: ನಂಬರ್ ಬದಲಾದ ಮೇಲೆ ಯಾರಿಗೆಲ್ಲ ಹೇಳಬೇಕು?

ನೋಂದಣಿ ಅಕ್ಕ: ವಿಮೆಯವರಿಗೆ ಅವತ್ತೇ. ಲಂಡನ್ ಕಂಜೆಶನ್ ಚಾರ್ಜ್, ಯೂಲೆಝ್ (ಹೆಚ್ಚು ಹೊಗೆ ಬಿಡುವ ಗಾಡಿಗಳ ಶುಲ್ಕ) ತಾನಾಗಿಯೇ ಕಟ್ಟುವ ಆಟೋ ಪೇ ಇದ್ದರೆ ಅದರಲ್ಲಿ. ಡಾರ್ಟ್‌ಫರ್ಡ್‌ನಲ್ಲಿ ಥೇಮ್ಸ್ ನದಿ ದಾಟುವವರು ಅಲ್ಲಿನ ಸುಂಕದ ಡಾರ್ಟ್ ಚಾರ್ಜ್ ಖಾತೆಯಲ್ಲಿ. ಜನ ಮರೆಯುವುದು ಇದನ್ನೇ. ಹಳೆ ನಂಬರಿನ ಖಾತೆಯಿಂದ ದುಡ್ಡು ಹೋಗುವುದಿಲ್ಲ, ಮನೆಗೆ ದಂಡದ ಪತ್ರ ಬರುತ್ತದೆ. ಆಫೀಸಿನ ಪಾರ್ಕಿಂಗ್ ಪರ್ಮಿಟ್ಟೂ ನೋಡಿ.

ಧಾರವಾಡ–ಲೀಡ್ಸ್: ಅಕ್ಕ, ನನ್ನ ಪ್ಲೇಟಿನಲ್ಲಿ ಅಕ್ಷರ ಸ್ವಲ್ಪ ಹತ್ತಿರ ತಂದು, ನಡುವೆ ಕರಿ ಸ್ಕ್ರೂ ಹಾಕಿಸಿದ್ದೇನೆ. ನನ್ನ ಹೆಸರೇ ಓದಿದ ಹಾಗೆ ಕಾಣುತ್ತದೆ. ಹೊಸ ಕಾರಿಗೂ ಅದನ್ನೇ ಹಾಕಬಹುದು ಅಲ್ವಾ? ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ.

ಶಿವಮೊಗ್ಗ–ಡರ್ಬಿ: ಕೇಳಿಲ್ಲ ಅಂದರೆ ಸರಿ ಅಂತಲಾ? ನನ್ನ ಗೆಳೆಯನ ಕಾರು ಇದಕ್ಕೇ ಎಂಒಟಿ ಅನ್ನುವ ವಾರ್ಷಿಕ ತಪಾಸಣೆಯಲ್ಲಿ ಫೇಲ್ ಆಯಿತು.

ಧಾರವಾಡ–ಲೀಡ್ಸ್: ನಾನು ಅಕ್ಕನ್ನ ಕೇಳಿದ್ದು, ನಿಮ್ಮನ್ನಲ್ಲ.

ನೋಂದಣಿ ಅಕ್ಕ: ಶಿವಮೊಗ್ಗದವರು ಹೇಳಿದ್ದು ಸರಿ. ಅಕ್ಷರದ ಎತ್ತರ 79 ಮಿಲಿಮೀಟರ್, ಅಕ್ಷರಗಳ ನಡುವೆ 11, ಎರಡು ಗುಂಪಿನ ನಡುವೆ 33. ಇದು ನಿಯಮ. ತಪ್ಪಿದರೆ 1,000 ಪೌಂಡ್ ತನಕ ದಂಡ, ಎಂಒಟಿ ಫೇಲ್. ನಂಬರನ್ನೇ ವಾಪಸ್ ತೆಗೆದುಕೊಳ್ಳುವ ಅಧಿಕಾರವೂ ಡಿವಿಎಲ್‌ಎಗೆ ಇದೆ. ನಂಬರ್ ಯಾವತ್ತೂ ಅವರದೇ, ನಾವು ಕೊಳ್ಳುವುದು ಬಳಸುವ ಹಕ್ಕು ಮಾತ್ರ. ನೋಂದಾಯಿತ ಅಂಗಡಿಯಲ್ಲಿ ಗುರುತಿನ ಚೀಟಿ, ಲಾಗ್ ಬುಕ್ ಅಥವಾ ವಿ778 ತೋರಿಸಿ ಸರಿಯಾದ ಪ್ಲೇಟ್ ಮಾಡಿಸಿ.

ಧಾರವಾಡ–ಲೀಡ್ಸ್: ಎಲ್ಲರೂ ಹಾಕಿಕೊಂಡು ಓಡಾಡುತ್ತಾರೆ, ನಮ್ಮವರಿಗೆ ಮಾತ್ರ ಇಷ್ಟು ಹೆದರಿಕೆ.

ಕೋಲಾರ–ಲೂಟನ್: ಈ ಪ್ರೈವೇಟ್ ನಂಬರೇ ದುಡ್ಡಿದ್ದವರ ಶೋಕಿ. ಸಾವಿರಗಟ್ಟಲೆ ಪೌಂಡ್ ಸುರಿದು ಎರಡು ಅಕ್ಷರ ಕೊಳ್ಳುವುದು. ಅದಕ್ಕೆ ಒಂದು ಪ್ರಶ್ನೋತ್ತರ ಬೇರೆ.

ಶಿವಮೊಗ್ಗ–ಡರ್ಬಿ: ನಿಮಗೆ ಬೇಡದಿದ್ದರೆ ಓದಬೇಡಿ. 250 ಪೌಂಡಿನಿಂದಲೂ ಸಿಗುತ್ತದೆ, ಎಲ್ಲರೂ ಸಾವಿರ ಸುರಿದಿಲ್ಲ.

ಕೋಲಾರ–ಲೂಟನ್: 250 ಆದರೂ ವ್ಯರ್ಥವೇ. ಆ ದುಡ್ಡಿನಲ್ಲಿ ಎರಡು ಒಳ್ಳೆ ಟೈರ್ ಹಾಕಿಸಬಹುದು.

ಹಾಸನ–ರೀಡಿಂಗ್: ಸ್ವಾಮಿ, ಮೇಲೆ ಬಾತ್‌ನವರು ಬರೆದದ್ದು ಓದಿ ಆಮೇಲೆ ಶೋಕಿ ಅನ್ನಿ.

ಕೋಲಾರ–ಲೂಟನ್: ಅವರ ಬಗ್ಗೆ ನಾನು ಹೇಳಲೇ ಇಲ್ಲ. ಸುಮ್ನೆ ನನ್ನ ಬಾಯಲ್ಲಿ ಮಾತು ತುರುಕಬೇಡಿ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಚಿತ್ರದುರ್ಗ–ಸ್ವಿಂಡನ್: ಎಲೆಕ್ಟ್ರಿಕ್ ಕಾರಿಗೆ ಹಸಿರು ಪಟ್ಟಿ ಇರುವ ಪ್ಲೇಟ್ ಹಾಕಲೇಬೇಕಾ?

ಬೆಂಗಳೂರು–ಕ್ರಾಯ್ಡನ್: ನನ್ನದು ಲೀಸ್ ಕಾರು. ಆಫೀಸ್ ಕಡೆಯಿಂದಲ್ಲ, ನಾನೇ ತೆಗೆದುಕೊಂಡದ್ದು. ನನ್ನ ನಂಬರ್ ಅದಕ್ಕೆ ಹಾಕಬಹುದಾ?

ನೋಂದಣಿ ಅಕ್ಕ: ಲೀಸ್ ಕಾರಿನ ಲಾಗ್ ಬುಕ್ ಕಂಪನಿ ಹೆಸರಿನಲ್ಲಿರುತ್ತದೆ. ಅವರು ಲಿಖಿತವಾಗಿ ಒಪ್ಪದೆ ಬೇಡ. ಕಾರಿಗೆ ಏರಿದ ಮೇಲೆ ಹಕ್ಕು ಕೀಪರ್‌ಗೆ ಅಂತ ಮೇಲೆ ಹೇಳಿದೆನಲ್ಲ, ಇಲ್ಲಿ ಕೀಪರ್ ಕಂಪನಿ. ಕಾರು ವಾಪಸ್ ಕೊಡುವ ಎಷ್ಟೋ ವಾರ ಮೊದಲೇ ಇಳಿಸಿಕೊಡಿ ಅಂತ ಕೇಳಬೇಕು. ಕೊನೆ ದಿನ ಕೇಳಿದರೆ ನಿಮ್ಮ ಹಣೆಬರಹ.

ಮಂಡ್ಯ–ಬ್ರಿಸ್ಟಲ್: ಅಕ್ಕ, ನನ್ನ ಲಾಗ್ ಬುಕ್ ಹೀಗಿದೆ, ಯಾವುದು ರೆಫರೆನ್ಸ್ ಅಂತ ತಿಳಿಯಲಿಲ್ಲ. ಫೋಟೋ ಹಾಕಿದ್ದೇನೆ ನೋಡಿ.

ನೋಂದಣಿ ಅಕ್ಕ: ಅಡ್ಮಿನ್, ಆ ಫೋಟೋ ಈಗಲೇ ತೆಗೆಯಿರಿ. ಆ 11 ಅಂಕಿ ಮನೆಯ ಬೀಗದ ಕೈ ಇದ್ದಂತೆ. ಅದು ಸಿಕ್ಕವರು ನಿಮ್ಮ ಕಾರಿನ ದಾಖಲೆಯಲ್ಲಿ ಕೈಯಾಡಿಸಬಹುದು. ಮೊದಲ ಸಾಲಿನಲ್ಲೇ ಹಾಕಬೇಡಿ ಅಂತ ಬರೆದಿದೆಯಲ್ಲ.

ಅಡ್ಮಿನ್: ತೆಗೆದಿದ್ದೇನೆ.

ಮಂಗಳೂರು–ಸ್ಲೌ: ಅಕ್ಕ, ಇನ್ನೊಂದು ಫಾರ್ವರ್ಡ್. "ಈ ಲಿಂಕ್ ಒತ್ತಿ, 35 ಪೌಂಡಿಗೆ ಅರ್ಧ ಗಂಟೆಯಲ್ಲಿ ನಂಬರ್ ಟ್ರಾನ್ಸ್‌ಫರ್."

ನೋಂದಣಿ ಅಕ್ಕ: ಒತ್ತಬೇಡಿ. ಸರ್ಕಾರಿ ಜಾಲತಾಣ ಬಿಟ್ಟು ಎಲ್ಲೂ ಕಾರ್ಡ್ ನಂಬರ್ ಕೊಡಬೇಡಿ. ಇಂಥದ್ದನ್ನು ನನಗೆ ಕಳಿಸುವ ಬದಲು ಅಲ್ಲೇ ಅಳಿಸಿ.

ಗದಗ–ಎಸೆಕ್ಸ್: ನನ್ನ ನಂಬರ್ ಮಾರಿದರೆ ಎಷ್ಟು ಬರಬಹುದು?

ಬಳ್ಳಾರಿ–ಕೊವೆಂಟ್ರಿ: ಮೇಡಂ, ಮೊದಲನೇ ಉತ್ತರ ಓದಿದೆ. ಹಳೆ ಕಾರು ನಿನ್ನೆಯೇ ಡೀಲರ್‌ಗೆ ಕೊಟ್ಟುಬಿಟ್ಟೆ, ಈಗ ಇಳಿಸಬಹುದಾ?

ನೋಂದಣಿ ಅಕ್ಕ: ಇದನ್ನು ಮೊದಲೇ ಹೇಳಬಾರದಿತ್ತೇ? ಡೀಲರ್‌ಗೆ ಈ ಕ್ಷಣ ಫೋನ್ ಮಾಡಿ. ಲಾಗ್ ಬುಕ್‌ನ ಹಳದಿ ಭಾಗದ ವಿವರ ಇನ್ನೂ ಡಿವಿಎಲ್‌ಎಗೆ ಹೋಗಿಲ್ಲದಿದ್ದರೆ ದಾಖಲೆಯಲ್ಲಿ ಕೀಪರ್ ನೀವೇ, ಅವರೂ ಒಪ್ಪಿದರೆ ದಾರಿ ಇದೆ. ಹೋಗಿದ್ದರೆ ಹಕ್ಕು ನಿಮ್ಮದಲ್ಲ, ಅವರ ಒಳ್ಳೆತನ ಕೇಳಬೇಕು ಅಷ್ಟೆ. ಇಲ್ಲಿ ಬರೆಯುತ್ತಾ ಕೂರಬೇಡಿ.

ಧಾರವಾಡ–ಲೀಡ್ಸ್: ಒಂದು ಮಾತು ಸೌಮ್ಯವಾಗಿ ಹೇಳಬಹುದಿತ್ತು ಅಕ್ಕ. ಜನ ಗೊತ್ತಿಲ್ಲದೆ ಕೇಳುತ್ತಾರೆ.

ನೋಂದಣಿ ಅಕ್ಕ: ನಿಮ್ಮ ಮಾತು ನಂಬಿದ್ದರೆ ಬಾತ್‌ನವರ ನಂಬರ್ ಶನಿವಾರ ಹೋಗುತ್ತಿತ್ತು. ಅದಕ್ಕೆ ನನಗೆ ಸೌಮ್ಯ ಬರುತ್ತಿಲ್ಲ.

ಮೈಸೂರು–ಬಾತ್: ಅಕ್ಕ, ಮಾರಾಟ ನಿಲ್ಲಿಸಿದೆ. ಮೈದುನನಿಗೆ ಬೇಜಾರಾಗಿದೆ. ಒಂದು ತೊಡಕು, ಯಜಮಾನರು ವಿಲ್ ಬರೆದಿರಲಿಲ್ಲ. ಅಂಚೆಗೆ ಏನು ಲಗತ್ತಿಸಲಿ?

ನೋಂದಣಿ ಅಕ್ಕ: ಒಳ್ಳೆಯದಾಯಿತು ಅಮ್ಮ. ವಿಲ್ ಇಲ್ಲದಾಗ ಅಧಿಕಾರ ಯಾರದು ಅಂತ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ತೋರಿಸುತ್ತದೆ, ಅದು ಪ್ರೊಬೇಟ್ ಕಚೇರಿಯಿಂದ ಬರುತ್ತದೆ. ನೀವು ಸಾಲಿಸಿಟರ್ ಹಿಡಿದಿದ್ದರೆ ಅವರ ಪತ್ರ ಸಾಕಾಗುತ್ತದೆಯೇ ಅಂತ ಡಿವಿಎಲ್‌ಎಗೆ ಫೋನ್ ಮಾಡಿ ಕೇಳಿ, ಆಮೇಲೆ ಲಕೋಟೆ ಅಂಟಿಸಿ. ತಡವಾದರೂ ಪರವಾಗಿಲ್ಲ, ನಂಬರ್ ಕಾರಿನ ಮೇಲೆಯೇ ಇರುವವರೆಗೆ, ಕಾರು ನಿಮ್ಮ ಡ್ರೈವ್‌ನಲ್ಲೇ ಇರುವವರೆಗೆ ಎಲ್ಲೂ ಹೋಗುವುದಿಲ್ಲ. ಸೋರ್ನ್ ಫಾರ್ಮ್ ಮಾತ್ರ ನಾಳೆಯೇ ಹಾಕಿ. ಮತ್ತೆ ಆ ಲಾಗ್ ಬುಕ್ ನಿಮ್ಮ ಬೀರುವಿನಲ್ಲೇ ಇರಲಿ, ಮೈದುನ ಕೇಳಿದರೂ ಕೊಡಬೇಡಿ.