ಪಚ್ಚಿಲೆ ಕೃಷಿಗೆ ಸಬ್ಸಿಡಿ: ಬೆಂಗಳೂರಿನಿಂದ ಅರ್ಜಿ ಹಾಕಬಹುದಾ?

ಪ್ರಶ್ನೆ: ಸರ್, ನಾನಿರುವುದು ರಾಜಾಜಿನಗರದಲ್ಲಿ, ಊರು ಕುಂದಾಪುರದ ಹತ್ತಿರ. ಅಮ್ಮ, ಚಿಕ್ಕಮ್ಮ, ಅಕ್ಕಪಕ್ಕದ ಮೂವರು ಸೇರಿ ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಪಚ್ಚಿಲೆ (ತಿನ್ನುವ ಹಸಿರು ಚಿಪ್ಪುಜೀವಿ, ಗ್ರೀನ್ ಮಸೆಲ್) ಬೆಳೆಸಬೇಕು ಅಂತಿದ್ದಾರೆ. ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಬ್ಸಿಡಿ ಇದೆಯಂತೆ. ಇಲ್ಲೇ ಮೀನುಗಾರಿಕೆ ಇಲಾಖೆಯ ಮುಖ್ಯ ಕಚೇರಿಯಲ್ಲಿ ನನ್ನ ಹೆಸರಲ್ಲಿ ಅರ್ಜಿ ಕೊಡಲಾ? ದುಡ್ಡು ಮೊದಲೇ ಕೊಡುತ್ತಾರಾ?

ಉತ್ತರ (ಮೀನುಗಾರಿಕೆ ಇಲಾಖೆಯ ನಿವೃತ್ತ ಅಧಿಕಾರಿ): ಮೇಡಂ, ಬೇಡ. ಅರ್ಜಿ ಅಮ್ಮನ ಹೆಸರಲ್ಲೇ ಇರಲಿ, ಊರಿನ ಕಡೆಯ ಇಲಾಖೆ ಕಚೇರಿಗೇ ಕೊಡಲಿ. ಜಾಗ ನೋಡಲು ಬರುವವರು ಅವರೇ ಅಲ್ವಾ. 2020ರಲ್ಲಿ ಶುರುವಾದ ಈ ಯೋಜನೆಗೆ ಐದು ವರ್ಷಕ್ಕೆ ಅಂತ ಇಟ್ಟಿದ್ದು 20,050 ಕೋಟಿ ರೂಪಾಯಿ. ಸಾಮಾನ್ಯ ವರ್ಗಕ್ಕೆ ಸಬ್ಸಿಡಿ 40%, ಮಹಿಳೆಯರಿಗೆ ಮತ್ತು ಎಸ್‌ಸಿ, ಎಸ್‌ಟಿಯವರಿಗೆ 60%. ಆದರೆ ಅದು ನೀವು ಮಾಡಿದ ಖರ್ಚಿನ ಮೇಲಲ್ಲ, ಒಂದು ಘಟಕಕ್ಕೆ ಇಷ್ಟು ಅಂತ ಸರ್ಕಾರ ಗೊತ್ತು ಮಾಡಿದ ವೆಚ್ಚದ ಮೇಲೆ. ಅದಕ್ಕಿಂತ ಜಾಸ್ತಿ ಆದರೆ ಕೈಯಿಂದಲೇ ಹಾಕಬೇಕು.

ಇನ್ನೊಂದು, ದುಡ್ಡು ಸಾಮಾನ್ಯವಾಗಿ ಕೆಲಸ ಮುಗಿದು, ಫೋಟೋ, ಬಿಲ್ಲು, ತಪಾಸಣೆ ಎಲ್ಲ ಆದ ಮೇಲೆ ಬರುವುದು. ನನಗೆ ಚಿಂತೆ ಇರುವುದು ಇಲ್ಲೇ. ಪಚ್ಚಿಲೆಗೆ ಉಪ್ಪು ನೀರು ಬೇಕು. ಮಳೆಗಾಲದಲ್ಲಿ ಹೊಳೆಗೆ ಸಿಹಿ ನೀರು ನುಗ್ಗಿದರೆ ಪೂರ್ತಿ ಸತ್ತುಹೋಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಹಗ್ಗಕ್ಕೆ ಮರಿ ಕಟ್ಟಿದರೆ ಮೇ ಒಳಗೆ ಕೊಯ್ಲು ಮುಗಿಯುತ್ತದೆ. ಮಂಜೂರಾತಿ ಪತ್ರ ಫೆಬ್ರವರಿಯಲ್ಲಿ ಬಂತು ಅಂತ ಆಗ ಹಗ್ಗ ಇಳಿಸಿದರೆ ಮಾರುವಷ್ಟು ಬೆಳೆಯುವ ಮೊದಲೇ ಮಳೆ ಬಂದಿರುತ್ತದೆ. ಹಾಗಾಗಿ ಅರ್ಜಿ ಮಳೆಗಾಲದಲ್ಲೇ ಹೋಗಲಿ, ಮೊದಲ ವರ್ಷದ ಬಂಡವಾಳ ನೀವು ಹೊಂದಿಸಿಕೊಡಿ.

ಪ್ರಶ್ನೆ: ಆಯ್ತು ಸರ್. ಇದರಿಂದ ಹೊಳೆಗೆ ತೊಂದರೆ ಇಲ್ಲ ತಾನೆ? ಅಮ್ಮನಿಗೆ ಅದೇ ಯೋಚನೆ.

ಉತ್ತರ: ಅಮ್ಮ ಸರಿಯಾದ ಪ್ರಶ್ನೆ ಕೇಳಿದ್ದಾರೆ, ತುಂಬ ಖುಷಿಯಾಯಿತು. ಪಂಜರದ ಮೀನಿನ ಹಾಗೆ ಇದಕ್ಕೆ ತಿಂಡಿ ಹಾಕಬೇಕಿಲ್ಲ, ನೀರನ್ನು ಸೋಸಿ ಅದರಲ್ಲಿರುವ ಸೂಕ್ಷ್ಮ ಜೀವಿಗಳನ್ನೇ ತಿನ್ನುತ್ತದೆ. ಹಾಳಾಗುವುದು ಮರಿ ತರುವ ಕಡೆ. ಸಮುದ್ರದ ಬಂಡೆಯಿಂದ ಮರಿ ಕೆರೆದು ತರುತ್ತೇವಲ್ಲ, ಪೂರ್ತಿ ಬಂಡೆ ಬೋಳು ಮಾಡಬೇಡಿ. ಅಲ್ಲಲ್ಲಿ ಬಿಟ್ಟು ಬಿಟ್ಟು ತೆಗೆಯಿರಿ, ದೊಡ್ಡವನ್ನು ಮುಟ್ಟಬೇಡಿ. ಹಗ್ಗಕ್ಕೆ ಸುತ್ತುವ ಬಟ್ಟೆ ಹತ್ತಿಯ ಸೊಳ್ಳೆ ಪರದೆಯದೇ ಆಗಿರಲಿ. ಕೆಲವು ದಿನಕ್ಕೆ ಅದು ಕೊಳೆತು ಹೋಗುತ್ತದೆ, ಅಷ್ಟರಲ್ಲಿ ಮರಿಗಳು ನೂಲು ಬಿಟ್ಟು ಹಗ್ಗ ಹಿಡಿದಿರುತ್ತವೆ. ನೈಲಾನ್ ಬಲೆ ಸುತ್ತಿದರೆ ಅದು ಹೊಳೆಯಲ್ಲೇ ಉಳಿಯುತ್ತದೆ.

ತರಬೇತಿಗೆ ಮಂಗಳೂರಿನ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ವಿಚಾರಿಸಿ. ಎಷ್ಟು ಹಗ್ಗ ಹಾಕುತ್ತೀರಿ ಅಂತ ಅಮ್ಮನನ್ನು ಕೇಳಿ ಇಲ್ಲೇ ಬರೆಯಿರಿ, ಖರ್ಚಿನ ಲೆಕ್ಕ ನಾನು ಮಾಡಿಕೊಡುತ್ತೇನೆ.