ಸಹಾಯ ಬೇಕು: ಜನರೇಟರ್ ಓಡುತ್ತಿರುವಾಗ ಲೈನ್ ಕರೆಂಟ್ ಬಂದದ್ದು ತಿಳಿಯುವುದು ಹೇಗೆ?

ಮಾನ್ಯರೇ,

ನಮ್ಮ ಮನೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ನಡುವೆ ಇದ್ದು, ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುವುದೆಂದು ಹೇಳಲಾಗದ ಕಾರಣ ಚಿಕ್ಕದೊಂದು ಪೆಟ್ರೋಲ್ ಜನರೇಟರ್ ಇಟ್ಟುಕೊಂಡಿದ್ದೇವೆ. ಮೀಟರ್ ಬೋರ್ಡಿನ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಚೇಂಜ್‌ಓವರ್ ಸ್ವಿಚ್ ಇದೆ. ಅದನ್ನು ಜನರೇಟರ್ ಕಡೆಗೆ ತಿರುಗಿಸಿದರೆ ಮನೆಯ ವೈರಿಂಗ್ ಹೊರಗಿನ ಲೈನಿನಿಂದ ಪೂರ್ತಿ ಬೇರ್ಪಡುತ್ತದೆ. ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮನ್‌ಗಳ ಜೀವದ ದೃಷ್ಟಿಯಿಂದ ಅದು ಹಾಗೆಯೇ ಇರಬೇಕು. ಆದರೆ ಇದರಿಂದಾಗಿ ಕರೆಂಟ್ ಮರಳಿದ್ದು ನಮಗೆ ಗೊತ್ತಾಗದೆ ಪೆಟ್ರೋಲ್ ಸುಮ್ಮನೆ ಉರಿಯುತ್ತಿರುತ್ತದೆ. ನೋಡಿ ತಿಳಿಯೋಣವೆಂದರೆ ಬೀದಿದೀಪವಾಗಲಿ ನೆರೆಮನೆಯಾಗಲಿ ಹತ್ತಿರದಲ್ಲಿಲ್ಲ.

ಮೇನ್ ಸ್ವಿಚ್ಚಿಗೂ ಚೇಂಜ್‌ಓವರಿಗೂ ನಡುವೆ, ಅಂದರೆ ಲೈನಿನ ಕಡೆಯಲ್ಲೇ, ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್) ಮೂಲಕ 230 ವೋಲ್ಟಿನ ಇಂಡಿಕೇಟರ್ ದೀಪವನ್ನೂ ಬಜರನ್ನೂ ಹಾಕಿಸಬೇಕೆಂದಿದ್ದೇನೆ. ದೀಪವೊಂದೇ ಸಾಲದು, ಜಗಲಿಯ ಮೂಲೆಯ ಬೋರ್ಡನ್ನು ರಾತ್ರಿಯಿಡೀ ನೋಡುತ್ತ ಕೂರುವವರು ಯಾರು? ಇವೆರಡಕ್ಕೂ ಫೇಸ್ ಮಾತ್ರವಲ್ಲದೆ ನ್ಯೂಟ್ರಲ್ ಕೂಡ ಲೈನಿನ ಕಡೆಯಿಂದಲೇ ಬರಬೇಕೆಂಬ ನನ್ನ ತಿಳಿವಳಿಕೆ ಸರಿಯೇ ಎಂಬುದನ್ನು ಬಲ್ಲವರು ದಯವಿಟ್ಟು ಖಚಿತಪಡಿಸಬೇಕು.

ನನ್ನ ಮುಖ್ಯ ತೊಡಕು ಬೇರೆಯೇ ಇದೆ. ನಮ್ಮಲ್ಲಿ ಕರೆಂಟ್ ಒಮ್ಮೆಗೇ ಬಂದು ನಿಲ್ಲುವುದಿಲ್ಲ. ಬಂದು, ಹೋಗಿ, ಕೆಲವೊಮ್ಮೆ ಬಲ್ಬು ಮಿಣುಕುವಷ್ಟು ಕಡಿಮೆ ವೋಲ್ಟೇಜಿನಲ್ಲಿ ತೆವಳುತ್ತದೆ. ಆದ್ದರಿಂದ ವೋಲ್ಟೇಜ್ ಸರಿಯಾಗಿ ಐದು ನಿಮಿಷ ನಿಂತ ಮೇಲಷ್ಟೇ ಬಜರ್ ಕೂಗುವಂತೆ ಮಾಡಲು ವೋಲ್ಟೇಜ್ ರಿಲೇ (ವೋಲ್ಟೇಜ್ ಸರಿಯಿದ್ದರೆ ಮಾತ್ರ ಸಂಪರ್ಕ ಕೊಡುವ ಸ್ವಿಚ್) ಮತ್ತು ಟೈಮರ್ ಎರಡೂ ಬೇಕೇ, ಅಥವಾ ಒಂದೇ ಉಪಕರಣದಲ್ಲಿ ಇವು ಸಿಗುತ್ತವೆಯೇ? ಇಂಥದ್ದನ್ನು ಮನೆಯಲ್ಲಿ ಅಳವಡಿಸಿಕೊಂಡವರು ಬೋರ್ಡಿನ ಚಿತ್ರ ಹಾಕಿದರೆ, ನಮ್ಮ ಎಲೆಕ್ಟ್ರಿಷಿಯನ್‌ಗೆ ತೋರಿಸಿ ಅವರಿಂದಲೇ ಕೆಲಸ ಮಾಡಿಸುತ್ತೇನೆ.